ಆಲಸನತ್ತಂ ಬೀದಿಗೆ ನೀರಿನ ಬೋರ್ಡು ಬಂದದ್ದು

ಆಲಸನತ್ತಂನ ತನ್ನ ಬೀದಿಗೆ ನೀರು ಬರುವುದಿಲ್ಲವೆಂದು ಯತಿರಾಜನಿಗೆ ಸಿಟ್ಟಿರಲಿಲ್ಲ. ಯಾವಾಗ ಬರುತ್ತದೆಂದು ಯಾರೂ ಹೇಳುವುದಿಲ್ಲವೆಂದೇ ಸಿಟ್ಟು. ಅವನು ಕೆಲಸ ಮಾಡುವ ಹೊಸೂರಿನ ಕಾರ್ಖಾನೆಯಲ್ಲಿ ಯಾವ ಮೆಷೀನು ಏಕೆ ನಿಂತಿತು ಎನ್ನುವುದರಿಂದ ಹಿಡಿದು ಕ್ಯಾಂಟೀನಿನ ಸಾಂಬಾರಿನವರೆಗೆ ಎಲ್ಲವೂ ಬೋರ್ಡಿನ ಮೇಲೆ ಇರುತ್ತದೆ. ಇಲ್ಲೋ, ವಾಲ್ವ್‌ಮನ್ ಚಿನ್ನಪ್ಪ ಮನಸ್ಸು ಬಂದಾಗ ವಾಲ್ವ್ ತಿರುಗಿಸುತ್ತಿದ್ದ. (ಬೀದಿಯ ಕಟ್ಟಕಡೆಯ ಮನೆಯಾದರೂ ಯತಿರಾಜನ ಸಂಪು ಸದಾ ತುಂಬಿರುತ್ತಿತ್ತು. ಅದು ಹೆಂಡತಿಯ ಕಾಲ್ಗುಣವೆಂದು ಅವನು ನಂಬಿದ್ದ.)

ಮಾಹಿತಿ ಹಕ್ಕಿನ ಕಾಯಿದೆ ಆಗಷ್ಟೇ ಬಂದಿತ್ತು. ಯತಿರಾಜ ಅರ್ಜಿ ಗುಜರಾಯಿಸಿಯೇಬಿಟ್ಟ.

"ಸುಮ್ಕಿರ್ರೀ," ಎಂದಳು ಹೆಂಡತಿ ಸಹನಾ. "ನಮ್ಗೇನ್ ನೀರಿಗೆ ಬರ ಬಂದೈತಾ?"

"ನಮ್ಗಲ್ಲ ಕಣೇ, ಪ್ರಜಾಪ್ರಭುತ್ವಕ್ಕೆ."

ತಿಂಗಳುಗಟ್ಟಲೆ ಅಲೆದ ಮೇಲೆ ಟ್ಯಾಂಕಿನ ಬಳಿ ಬೋರ್ಡು ಬಂತು: ಪ್ರತಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನೀರು. ಪಕ್ಕದ ಮನೆ ರಾಮಚಂದ್ರಪ್ಪ ಯತಿರಾಜನಿಗೆ ಸೇವಂತಿಗೆ ಹಾರ ಹಾಕಿದ. ಮೊದಲ ಭಾನುವಾರವೇ ಮಗಳು ನಂದಿತಾಳ ನಿಶ್ಚಿತಾರ್ಥ. ಮನೆ ತೊಳೆದು, ಅಡುಗೆಯವರ ಹಂಡೆ ತುಂಬಿಸುವಷ್ಟರಲ್ಲಿ ಸಂಪಿನ ತಳ ಕಂಡಿತ್ತು. ಯತಿರಾಜ ಹೆದರಲಿಲ್ಲ. ಬೋರ್ಡು ಇತ್ತಲ್ಲ.

ಆರು ಗಂಟೆಗೆ ಬೀದಿಯ ಅಷ್ಟೂ ನಲ್ಲಿಗಳು ಒಟ್ಟಿಗೆ ತೆರೆದವು. ಯತಿರಾಜನ ನಲ್ಲಿ ಮಾತ್ರ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು.

"ನೀರೆಲ್ಲೇ?"

"ಬೋರ್ಡ್ ಮ್ಯಾಲೈತಲ್ಲ, ಹೋಗ್ ಹಿಡ್ಕಂಬನ್ನಿ," ಎಂದಳು ಸಹನಾ. "ಚಿನ್ನಪ್ಪಣ್ಣ ವಾಲ್ವ್ ಬಿಡೋಕ್ ಮುಂಚೆ ನಂಗೊಂದ್ ಮಿಸ್ಡ್ ಕಾಲ್ ಕೊಡ್ತಿದ್ದ. ಬೀದಿಯೋರು ಯಾರೂ ಎದ್ದಿರ್ತಿರ್ಲಿಲ್ಲ. ಅಷ್ಟೂ ನೀರು ಸೀದಾ ನಮ್ಮನೇಗೇ ಬರೋದು. ನಿಮ್ ಬೋರ್ಡ್ ಬಂದ್ಮ್ಯಾಲೆ ಅವ್ನೂ ಬರ್ಲಿಲ್ಲ, ಕಾಲೂ ಬರ್ಲಿಲ್ಲ."

ಯತಿರಾಜ ಸಂಪಿನ ಮುಚ್ಚಳದ ಮೇಲೆ ಕುಸಿದು ಕೂತ. ತಾನು ಊರೆಲ್ಲ ಹುಡುಕುತ್ತಿದ್ದ ಮಾಹಿತಿ ತನ್ನ ಅಡುಗೆಮನೆಯಲ್ಲೇ ಕಾಪುರ ಮಾಡಿಕೊಂಡಿತ್ತು.

"ಲಂಚ ಕೊಡ್ತಿದ್ಯೇನೇ?"

"ಲಂಚ ಯಾಕ್ ಕೊಡ್ಲಿ? ಮುದ್ದೆ, ಉಪ್ಸಾರು ಇಕ್ತಿದ್ದೆ. ಬೀಗ್ರು ಬರೋ ಹೊತ್ತಾಯ್ತು, ಏಳಿ."

ಯತಿರಾಜ ರೇಷ್ಮೆ ಪಂಚೆ ಎತ್ತಿಕಟ್ಟಿ, ಬಿಂದಿಗೆ ಹಿಡಿದು ರಾಮಚಂದ್ರಪ್ಪನ ಮನೆಗೆ ಓಡಿದ. ಅಂಗಳದಲ್ಲಿ ಆಗಲೇ ಬೀದಿಯ ಅರ್ಧ ಜನ ನೆರೆದಿದ್ದರು.

"ನಿಮ್ ಪುಣ್ಯ ಸಾರ್, ನಮ್ ನಲ್ಲೀಲೂ ನೀರ್ ಬಂತು," ಎಂದ ರಾಮಚಂದ್ರಪ್ಪ, ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು. "ಆದ್ರೆ ಇಷ್ಟ್ ವರ್ಷ ಇದು ಯಾರ್ ಮನೇಗ್ ಹೋಗ್ತಿತ್ತು? ಅದನ್ ಕೇಳಿ ಇನ್ನೊಂದ್ ಅರ್ಜಿ ಬರ್ದಿದೀವಿ. ಎಲ್ರೂ ಸೈನ್ ಹಾಕಾಯ್ತು, ನಿಮ್ದೊಂದೇ ಬಾಕಿ."

ಬಿಂದಿಗೆ ಇನ್ನೂ ಅರ್ಧವಷ್ಟೇ ತುಂಬಿತ್ತು. ಬೀದಿಯ ತಿರುವಿನಲ್ಲಿ ಡೆಂಕಣಿಕೋಟೆಯಿಂದ ಬಂದ ಬೀಗರ ವ್ಯಾನು ಹಾರ್ನ್ ಮಾಡಿತು.

ಅವನು ಪೆನ್ನು ತೆಗೆದುಕೊಂಡು ಸಹಿ ಹಾಕಿದ.