ನಿಕಲ್‌ಗೂ ಸಪೋರ್ಟ್ ಬೇಕು

ಹೈಡ್ರೋಜನ್ ಇರುವ ಕಡೆ ಬೀಡಿ ಸೇದಬಾರದು, ನಗುವುದಕ್ಕೇನೂ ಅಡ್ಡಿಯಿಲ್ಲ. ನಮಗೆ ಮಾತ್ರ ನಗುವ ಪ್ರಸಂಗಗಳು ಬರುತ್ತಿದ್ದುದು ಪ್ರಾಣ ಬಾಯಿಗೆ ಬಂದ ಹೊತ್ತಿನಲ್ಲೇ.

ತೊಂಬತ್ತರ ದಶಕದಲ್ಲಿ ನಾಗಮಂಗಲದ ಹತ್ತಿರ ಒಂದು ಸಣ್ಣ ವನಸ್ಪತಿ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವುದು ನಮ್ಮ ಕೆಲಸ, ಮಾಡಿಸುವುದು ನಿಕಲ್ ಎಂಬ ಲೋಹ. ಅದು ಒಂದೇ ಇದ್ದರೆ ಮುದ್ದೆಗಟ್ಟುತ್ತದೆ. ತೂತುತೂತಾದ ಬಿಳಿ ಪುಡಿಯ ಮೇಲೆ ಹರಡಿ ಕೂರಿಸಬೇಕು. ಆ ಪುಡಿಗೆ ಸಪೋರ್ಟ್ ಎನ್ನುತ್ತೇವೆ.

೧

ಸತತ ಎರಡು ಸಲ ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಯಜಮಾನರು ಕರೆಸಿದರು. ಹಾಲಿನ ಸೊಸೈಟಿ ಎಲೆಕ್ಷನ್‌ನಲ್ಲಿ ಆಗಷ್ಟೇ ಸೋತಿದ್ದರು.

"ಯಾಕ್ರೀ ಗಟ್ಟಿಯಾಗ್ತಿಲ್ಲ?"

"ಸಪೋರ್ಟ್ ಸರಿಯಿಲ್ಲ ಸಾರ್."

ಮುಖ ಕೆಂಪಗಾಯಿತು. "ಇಲ್ಲೂನಾ? ಯಾರ್ರೀ ಅವ್ನು, ಎಸ್ರೇಳ್ರಿ!"

"ಪುಡಿ ಸಾರ್."

"ಪುಡಿ ರೌಡಿಗೆಲ್ಲಾ ಎದ್ರುಕೋತೀರೇನ್ರೀ?"

೨

ಯಜಮಾನರು ಇನ್ನೂ ಸಣ್ಣ ತೂತುಗಳ ಹೊಸ ಪುಡಿ ಒಂದು ಡಬ್ಬ ತರಿಸಿಕೊಟ್ಟರು. "ಶುಕ್ರವಾರ ಗಟ್ಟಿಯಾಗ್ನಿಲ್ಲ ಅಂದ್ರೆ ಸೋಮವಾರದಿಂದ ಬರಬ್ಯಾಡಿ" ಎಂದೂ ಹೇಳಿದರು.

ಬಿಂಡಿಗನವಿಲೆಯಿಂದ ಬರುತ್ತಿದ್ದ ಆಪರೇಟರ್ ಕೇಳಿದ: "ಕಣ್ಗೇ ಕಾಣ್ದಿರೋ ತೂತ್ನಾಗೆ ಅಷ್ಟೊಂದು ನಿಕಲ್ ಎಂಗ್ ಸಾ ಕೂರ್ತದೆ?"

"ಗೋಡೆ ಜಾಸ್ತಿ ಇದ್ದಷ್ಟೂ ಜಾಗ ಜಾಸ್ತಿ ಕಣಪ್ಪ."

"ಓ, ನಮ್ಮೂರ್ ಬಸ್ಸು! ತುಂಬೋಯ್ತು ಅಂದ್ಮೇಲೂ ಕಂಡಕ್ಟ್ರು ಇಪ್ಪತ್ ಜನ ಅತ್ತುಸ್ತಾನೆ. ಅವನ್ನೇ ಕೆಮಿಸ್ಟ್ ಮಾಡ್ಬುಡಿ ಸಾ."

೩

ಗುರುವಾರ ಡಬ್ಬದಿಂದ ಒಂದಿಷ್ಟು ಪುಡಿ ತೆಗೆದು ನಿಕಲ್ ಕೂರಿಸಿದೆ. ಶುಕ್ರವಾರ ಬೆಳಿಗ್ಗೆ ಎಣ್ಣೆ ಪಾತ್ರೆಗೆ ಹೈಡ್ರೋಜನ್ ಬಿಟ್ಟು, ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಬಾಗಿಲಲ್ಲಿ ದೊಡ್ಡ ರಂಗೋಲಿ. ಎಳೆ ಬಹಳ ನಯವಾಗಿತ್ತು. ಬಗ್ಗಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ.

"ಯಾವ ಪುಡಿ ಅಕ್ಕಾ ಇದು?"

"ನಿಮ್ ಡಬ್ಬದ್ದೇ ಸಾ. ಬೋ ನೈಸಾಗದೆ" ಎಂದಳು ಕಸ ಗುಡಿಸುವ ಅಕ್ಕ. "ಅಷ್ಟೂ ಬಿಟ್ಟಿ ತಗಳ್ನಿಲ್ಲ, ನಮ್ ರಂಗೋಲಿ ಪುಡಿನ ಅದ್ರಾಗೆ ತುಂಬ್ಸಿವ್ನಿ."

"ಯಾವಾಗ?"

"ನೆನ್ನೆನೋ, ಇವತ್ ಬೆಳಿಗ್ಗೆನೋ… ಗ್ಯಾನ ಇಲ್ಲ."

ನಿನ್ನೆ ನಾನು ನಿಕಲ್ ಕೂರಿಸುವ ಮೊದಲೇ ಆಗಿದ್ದರೆ ಪಾತ್ರೆಯೊಳಗೆ ಇರುವುದು ರಂಗೋಲಿ, ನಾನು ಮನೆಗೆ. ಮಧ್ಯಾಹ್ನ ಅದೇ ಬಾಗಿಲಿಗೆ ಯಜಮಾನರ ಜೀಪು ಬಂತು. ಆಪರೇಟರ್ ತಣ್ಣೀರಲ್ಲಿಟ್ಟು ಆರಿಸಿದ ಸ್ಯಾಂಪಲ್ ಲೋಟ ತಂದ. ನಾನು ಕಣ್ಣು ಮುಚ್ಚಿ ಬೋರಲು ಹಾಕಿದೆ. ಒಂದು ತೊಟ್ಟೂ ಬೀಳಲಿಲ್ಲ.

ಅಕ್ಕ ಡಬ್ಬ ಮುಟ್ಟಿದ್ದು ಇವತ್ತು ಬೆಳಿಗ್ಗೆ! ಅಳು ಬಂತು ನನಗೆ.

ಯಜಮಾನರು ನೇರ ಬಾಗಿಲಿಗೆ ಬಂದು ಬೆನ್ನು ತಟ್ಟಿದರು. "ಬೇಷ್! ನಾಳೆಯಿಂದ ಇದೇ ಸಪೋರ್ಟ್ ಆಕಿ. ಎಲ್ಲದೆ ಆ ಪುಡಿ?"

ಮೂವರೂ ಅವರ ಕಾಲಿನತ್ತ ನೋಡಿದೆವು. ಕೊನೆಗೆ ಅಕ್ಕನೇ ಬಾಯಿಬಿಟ್ಟಳು:

"ವಸಿ ಆಚೆಗ್ ನಿಂತ್ಕಳಿ ಸಾ. ಇರೋ ಸಪೋರ್ಟ್‌ನೂ ತುಳ್ದಾಕ್ತಾ ಇದ್ದೀರಿ."