ಭಾವ ನೋಡಿದ ಮಂಜು

ನಮ್ಮ ಭಾವ ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಹಿಮಾಲಯದ ಯಾವ ಇಳಿಜಾರು ಯಾವಾಗ ಕುಸಿಯುತ್ತದೆಂದು ಅವರಿಗೆ ಗೊತ್ತಿರುವಷ್ಟು ಹಿಮಾಲಯಕ್ಕೂ ಗೊತ್ತಿಲ್ಲ! ಉಡುಪಿ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆ ಕೋಲ್ಕತ್ತಕ್ಕೆ ಬಂದು, ನಿವೃತ್ತಿಯ ಮೇಲೂ ಡಮ್ ಡಮ್‌ನಲ್ಲೇ ಉಳಿದ ಈ ಮಹಾಶಯರು ಬೆಳಿಗ್ಗೆ ಎದ್ದು ಮೊದಲು ಓದುವುದು ಸ್ತೋತ್ರವನ್ನಲ್ಲ, ಮೊಬೈಲಿನಲ್ಲಿ ಹಿಮಕುಸಿತದ ಮುನ್ನೆಚ್ಚರಿಕೆಯನ್ನು. ಸೆಕೆಗೆ ಬನಿಯನ್ನು ಬೆನ್ನಿಗೆ ಅಂಟಿರುತ್ತದೆ. ಬಾಲ್ಕನಿಯಲ್ಲಿ ನಿಂತು, "ಇವತ್ತು ಉತ್ತರ ಸಿಕ್ಕಿಂ ಕಿತ್ತಳೆ ಬಣ್ಣ! ಯಾರೂ ಹೊರಡಬಾರದು!" ಎಂದು ಸಾರುತ್ತಾರೆ. ಕೆಳಗೆ ಮೀನು ಮಾರುವವನು ಏನು ಮಾಡಬೇಕು, ಹೇಳಿ?

ಅವರ ಮೇಲಿನ ಮಹಡಿಯಲ್ಲೇ ನನ್ನ ಸಂಸಾರ. ನಾನು ಅವರ ಹೆಂಡತಿಯ ತಮ್ಮ, ಹೆಸರು ಮಂಜುನಾಥ, ಮನೆಯವರಿಗೆಲ್ಲ ಮಂಜು. ಸಿಯಾಲ್ದಾ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ದೇಹ. ಆದರೆ ಬಂಗಾಳಿಗಳ ಬೆಟ್ಟದ ಹುಚ್ಚು ನಿಮಗೆ ಗೊತ್ತಿರಬೇಕಲ್ಲ? ನಮ್ಮ ಪಾಡಾದ, ಎಂದರೆ ಕೇರಿಯ, ಕ್ಲಬ್ಬಿನವರು ಸಿಕ್ಕಿಂ ಚಾರಣಕ್ಕೆ ಹೊರಟಾಗ, ಅವರಲ್ಲೊಬ್ಬರಾದ ಪಕ್ಕದ ಮನೆಯ ದಾದಾ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನಿಮಗೆ ಇದೆಲ್ಲ ಯಾಕೆ?" ಎಂದುಬಿಟ್ಟರು. ಅಷ್ಟು ಸಾಕಾಯಿತು. ನನ್ನ ಹೆಸರಿನ ಜೊತೆಗೆ ಕಾಲೇಜು ಓದುವ ಮಗಳ ಹೆಸರನ್ನೂ ಕೊಟ್ಟು ಬಂದೆ!

ಸುದ್ದಿ ತಿಳಿದ ಭಾವ ನನ್ನನ್ನು ಊಟದ ಮೇಜಿಗೆ ಕರೆಸಿಕೊಂಡರು. ತಟ್ಟೆಯಲ್ಲಿ ತಂಗಳನ್ನ ತಟ್ಟಿ, ಮೇಲೆ ಸಕ್ಕರೆ ಹರಡಿ, ಅದರ ಮೇಲೆ ಮಿಷ್ಟಿ ದೊಯ್ ಎಂಬ ಗಟ್ಟಿ ಸಿಹಿಮೊಸರು ಕೂರಿಸಿದರು.

"ಕೆಳಗೆ ಹಳೇ ಹಿಮ. ನಡುವೆ ಸಕ್ಕರೆಯ ಹಾಗೆ ಸಡಿಲ ಹಿಮ, ಅದಕ್ಕೆ ಹಿಡಿತವೇ ಇಲ್ಲ. ಮೇಲೆ ನಿನ್ನೆ ಬಿದ್ದದ್ದು. ಇದು ನೀನು," ಎಂದು ಒಂದು ದ್ರಾಕ್ಷಿ ಇಟ್ಟರು. ನನ್ನನ್ನೊಮ್ಮೆ ನೋಡಿದರು. ದ್ರಾಕ್ಷಿ ತೆಗೆದು ರಸಗುಲ್ಲ ಇಟ್ಟರು.

ತಟ್ಟೆ ಓರೆಯಾಯಿತು. ದೊಯ್, ರಸಗುಲ್ಲ ಎರಡೂ ಒಟ್ಟಿಗೆ ಜಾರಿ ನನ್ನ ಹೊಸ ಪ್ಯಾಂಟಿನ ಮೇಲೆ ಬಿದ್ದವು.

"ಸತ್ತೆ!" ಎಂದರು ಭಾವ, ಪರಮ ತೃಪ್ತಿಯಿಂದ. "ಹೊಸ ಹಿಮ ಬಿದ್ದರೆ ಎರಡು ದಿನ ಅಲುಗಾಡಬೇಡ. ಗೊತ್ತಾಯ್ತಾ ಮಾರಾಯ?"

ಅಷ್ಟಕ್ಕೇ ಬಿಟ್ಟಾರೆಯೇ? ಹಿಂದಿನ ಕಾಲದಲ್ಲಿ ಪರ್ವತ ಹತ್ತುವವರು ಸೊಂಟಕ್ಕೆ ಉದ್ದನೆಯ ಕೆಂಪು ಹುರಿ ಕಟ್ಟಿಕೊಂಡು ಬಾಲದ ಹಾಗೆ ಎಳೆದುಕೊಂಡು ಹೋಗುತ್ತಿದ್ದರಂತೆ. ಮನುಷ್ಯ ಹೂತುಹೋದರೂ ಹುರಿಯ ತುದಿ ಮೇಲೆ ಕಂಡೀತೆಂದು. ಭಾವ ಅಕ್ಕನ ಲಂಗದ ಲಾಡಿಗಳನ್ನೆಲ್ಲ ಎಳೆದು ಗಂಟುಹಾಕಿ, ಬಂಗಾಳಿ ಹೆಂಗಸರು ಪಾದಕ್ಕೆ ಹಚ್ಚುವ ಆಲ್ತಾದಲ್ಲಿ ಅದ್ದಿದರು.

"ಇವನು ಹಿಮದಲ್ಲಿ ಸಿಗ್ತಾನೆ, ಸರಿ. ನಾನು ಇಲ್ಲಿ ಸೀರೆ ಉಡುವುದು ಹೇಗೆ?" ಎಂದು ಅಕ್ಕ ಕೂಗಿದಳು. ಭಾವ ಆಗಲೇ ಹುರಿಯನ್ನು ಒಣಗಿಸಲು ಬಾಲ್ಕನಿಗೆ ಒಯ್ದಿದ್ದರು. ಚೀಲದಲ್ಲಿದ್ದ ಆ ಹುರಿ ರೈಲಿನಲ್ಲೇ ಬಣ್ಣ ಬಿಟ್ಟು, ನಾನು ಸಿಕ್ಕಿಂ ತಲುಪಿದ್ದು ಗುಲಾಬಿ ಮಂಕಿ ಕ್ಯಾಪಿನಲ್ಲಿ!

ಎತ್ತರದ ಬಿಡಾರ ಸೇರಿದ ಮಾರನೆಯ ಬೆಳಿಗ್ಗೆ ನೋಡುತ್ತೇವೆ, ಟೆಂಟಿನ ಅರ್ಧದವರೆಗೆ ಹಿಮ. ಮುಂದಿನ ದಾರಿ ಕಡಿದಾದ ಇಳಿಜಾರಿನ ಅಡ್ಡಕ್ಕೆ. ನನ್ನ ಕಣ್ಣಿಗೆ ಕಂಡದ್ದು ರಸಗುಲ್ಲ. "ಎರಡು ದಿನ ಅಲುಗಾಡಬಾರದು!" ಎಂದು ಕಿರುಚಿದೆ. ನಮ್ಮ ಗೈಡೂ ಹೌದೆಂದ. ದಾದಾ ನನ್ನ ಬೆನ್ನು ತಟ್ಟಿ, ಪಹಾಡದ ಅನುಭವ ಎಂದರೆ ಇದು ಎಂದರು. ನನ್ನ ನಡುಕಕ್ಕೆ ವಿವೇಕ ಎಂಬ ಹೆಸರು ಬಂದದ್ದು ಬಾಳಿನಲ್ಲಿ ಅದೇ ಮೊದಲು.

ಈಗ ನನ್ನ ಮಗಳ ಕನ್ನಡದ ಬಗ್ಗೆ ಹೇಳಲೇಬೇಕು. ಬಂಗಾಳಿಯಲ್ಲಿ ಬಂದನು, ಬಂದಳು, ಬಂತು ಎಲ್ಲಕ್ಕೂ ಒಂದೇ ಕ್ರಿಯಾಪದ. ಅದರಲ್ಲೇ ಬೆಳೆದ ಇವಳಿಗೆ ಲೋಕವೆಲ್ಲ ಗಂಡಸು. "ಅತ್ತೆ ಬಂದ", "ಬಸ್ಸು ಹೋದ", "ಹಾಲು ಉಕ್ಕಿದ"! ಹಿಮವಾಗಲಿ, ಇಬ್ಬನಿಯಾಗಲಿ, ಅವಳಿಗೆ ಗೊತ್ತಿರುವ ಕನ್ನಡ ಪದ ಒಂದೇ, ಮಂಜು. ಭಾವನೋ, ಇಂಗ್ಲಿಷಿನಲ್ಲಿ ಮಾತಾಡಿದರೆ "ಕನ್ನಡದಲ್ಲಿ ಹೇಳು" ಎಂದು ಗದರುವವರು. ಬಂಡೆಯೊಂದರ ಮೇಲೆ ಸಿಗ್ನಲ್ ಸಿಕ್ಕ ಖುಷಿಯಲ್ಲಿ ಮಗಳು ಅವರಿಗೆ ಫೋನ್ ಮಾಡಿ ಅಪ್ಪಟ ಕನ್ನಡದಲ್ಲೇ ಹೇಳಿದಳು:

"ಮಾವಾ, ಮಂಜು ಬಿದ್ದ! ತುಂಬಾ ಬಿದ್ದ! ಈಗ ಅಲುಗಾಡಲ್ಲ..."

ಅಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಬರಲಿಲ್ಲ. ನಾವು ನಿಶ್ಚಿಂತೆಯಿಂದ ಖಿಚಡಿ ತಿಂದುಕೊಂಡು ಕೂತೆವು.

ಹಿಮ ಗಟ್ಟಿಯಾದ ಮೇಲೆ, ಮುಂದಿನ ದಾರಿಯ ಆಸೆ ಬಿಟ್ಟು, ಜೀಪು ನಿಲ್ಲುವ ಕೊನೆಯ ಹಳ್ಳಿಗೆ ಇಳಿದೆವು. ಅಲ್ಲಿ ಟೀ ಅಂಗಡಿಯ ಮುಂದೆ ಒಂದು ಆಕೃತಿ. ಮಂಕಿ ಕ್ಯಾಪು, ಪ್ಯಾಂಟಿನ ಮೇಲೆ ಪಂಚೆ, ಅಕ್ಕನ ಶಾಲು. ಕೈಯಲ್ಲಿ ನಮ್ಮ ಡಮ್ ಡಮ್ ಮನೆಯ ಕಿಟಕಿ ಪರದೆಯ ಉದ್ದನೆಯ ಸರಳು! ಹಿಮದೊಳಗೆ ಚುಚ್ಚಿ ಚುಚ್ಚಿ ಹೂತವರನ್ನು ಹುಡುಕುವುದು ಹಾಗೆಯೇ ಎಂದು ಭಾವ ನನಗೆ ಎಷ್ಟು ಸಲ ಹೇಳಿದ್ದರೋ. 'ಮಂಜು ಬಿದ್ದ' ಎಂದು ಕೇಳಿದ್ದೇ ತಡ, ಟಿಕೆಟ್ ಕಾದಿರಿಸದೆ ರೈಲು ಹತ್ತಿ, ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಬಂದಿದ್ದರು. ಜೀಪಿನವನು ಮುಂದೆ ಬರುವುದಿಲ್ಲ ಎಂದದ್ದಕ್ಕೆ, ನಡೆದೇ ಹೊರಡುವ ಸನ್ನಾಹದಲ್ಲಿದ್ದರು.

"ಭಾವಾ!" ಎಂದೆ.

ಸರಳು ಕೆಳಗೆ ಬಿತ್ತು. ಹತ್ತಿರ ಬಂದು ಕೆನ್ನೆಗೆ ಬಾರಿಸುವವರಂತೆ ಕೈ ಎತ್ತಿದರು. ಅದೇ ಕೈಯಿಂದ ನನ್ನ ಗುಲಾಬಿ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು ಸರಿಮಾಡಿದರು. ಈ ಮನುಷ್ಯನನ್ನು ಇಷ್ಟು ವರ್ಷ ಬರೀ ನಗೆಯ ಸರಕು ಮಾಡಿಕೊಂಡಿದ್ದೆನಲ್ಲ ಎಂದುಕೊಳ್ಳುತ್ತಾ ಬಿದ್ದ ಸರಳನ್ನು ಎತ್ತಿಕೊಂಡೆ.

ಅವರ ಬೆನ್ನ ಹಿಂದೆ, ಜೀವಮಾನವಿಡೀ ಅವರು ಓದಿಕೊಂಡು ಬಂದ ಹಿಮಾಲಯ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. "ಭಾವಾ, ಹಿಂದೆ ತಿರುಗಿ ನೋಡಿ, ಎಷ್ಟು ಮಂಜು!" ಎಂದೆ.

ಅವರು ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹೇಳಿದರು:

"ಮಂಜುವನ್ನು ನೋಡಿ ಆಯ್ತು ಮಾರಾಯ. ಸಾಕು."