ನಮ್ಮನೆ ಹಾಡಿನ ಡಬ್ಬಿಯ ಫಜೀತಿಗಳು

ಒಂದು ಫಜೀತಿ ಮುಗಿಯಿತಲ್ಲಾ ಎಂದು ಉಸಿರು ಬಿಡುವಷ್ಟರಲ್ಲಿ ಆ ಡಬ್ಬಿ ಇನ್ನೊಂದನ್ನು ಹೆತ್ತಿರುತ್ತದೆ. ಡಬ್ಬಿ ಎಂದರೆ ಕಂಪ್ಯೂಟರು. ಅಂಗೈಯಗಲ ಇದೆ, ಪರದೆ ಇಲ್ಲ, ಟಿವಿ ಪಕ್ಕ ಕೂತಿರುತ್ತದೆ. ಮನೆಯ ಹಾಡುಗಳೆಲ್ಲಾ ಅದರ ಹೊಟ್ಟೆಯಲ್ಲಿವೆ. ಫೋನಿನಲ್ಲಿ ಒತ್ತಿದರೆ ನಡುಮನೆ, ಅಡುಗೆಮನೆ, ಯಾವ ಸ್ಪೀಕರಿನಲ್ಲಿ ಬೇಕಾದರೂ ಹಾಡುತ್ತದೆ.

ಯಾಕೆ ತಂದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನನ್ನ ಹೆಂಡತಿ ವಚನ ಹಾಡುತ್ತಿದ್ದಳು. ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಇವಳು ಹಾಡಿದ ಮೇಲೇ ಎಲೆ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಗಂಟಲಲ್ಲಿ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು ಡಾಕ್ಟರು, ಗೋಡೆಯಿಂದ ಹಳೇ ಸ್ವಿಚ್ ತೆಗೆಯುವ ಎಲೆಕ್ಟ್ರಿಷಿಯನ್ ಹೇಳುವ ಹಾಗೆ. ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಕೊಟ್ಟರು. ಅವಳು ಒಂದೇ ಸಲ ಮಾತಾಡಿ ನೋಡಿ, ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಳು. ಈಗ ಏನಿದ್ದರೂ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾಳೆ.

ನಾನೋ ಬಾಯಿಬಡುಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಮೂಟೆ ಎಣಿಸಿದವನು. ಕಾನೂನು ಪುಸ್ತಕ ನಾನೇ ಓದಿಕೊಂಡು, ಚರಂಡಿಗೆ, ಫುಟ್‌ಪಾತಿಗೆ, ಕಡಿಯಲು ಹೊರಟ ಮರಗಳಿಗೆ ಎಂದು ಜಗಳವಾಡುತ್ತಾ ಬಂದವನು. ಆಫೀಸುಗಳಲ್ಲಿ ನನ್ನನ್ನು ಕಂಡರೆ ಊಟಕ್ಕೆ ಎದ್ದು ಹೋಗುತ್ತಾರೆ. ಮನೆಯಲ್ಲಿ ಮಾತ್ರ ಒಂದು ಜಗಳವನ್ನೂ ಗೆದ್ದಿರಲಿಲ್ಲ. ಈಗ ಪ್ರತಿ ಜಗಳವೂ ನನ್ನದೇ. ಅವಳು ಟೈಪ್ ಮಾಡಿ, ನಾನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಜಗಳ ಆರಿರುತ್ತದೆ. ಇಷ್ಟು ದರಿದ್ರವಾದ ಗೆಲುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ರಂಕಿನಲ್ಲಿ ಅವಳ ಹಾಡಿನ ಕ್ಯಾಸೆಟ್ಟುಗಳಿದ್ದವು. ಹಿಂದೆ ಟೂ-ಇನ್-ಒನ್ ಇಟ್ಟು ನಾನೇ ರೆಕಾರ್ಡ್ ಮಾಡಿದವು. ಬೂಷ್ಟು ಹಿಡಿಯುತ್ತಿದ್ದವು. ಅವಳ ದನಿಯನ್ನು ಅವಳಿಗೆ ವಾಪಸ್ ಕೊಡಿಸಬೇಕು ಎಂದು ಹೊರಟೆ.

ಅಂಗಡಿಯವನ ಸಲಹೆ

ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯವನು ಡಬ್ಬಿ ತೋರಿಸಿದ. ನಾನು, ಕ್ಯಾಸೆಟ್ಟೆಲ್ಲಾ ಇದಕ್ಕೆ ತುಂಬಬೇಕು ಎಂದೆ.

“ಅಷ್ಟೆಲ್ಲಾ ಒದ್ದಾಟ ಯಾಕೆ ಸಾರ್? ತಿಂಗಳು ತಿಂಗಳು ಕಟ್ತಾ ಹೋದ್ರೆ ಪ್ರಪಂಚದ ಹಾಡೆಲ್ಲಾ ಫೋನಲ್ಲೇ ಬರತ್ತೆ.”

“ಕಟ್ಟೋದು ನಿಲ್ಸಿದ್ರೆ?”

“ನಿಂತೋಗತ್ತೆ.”

ಅಂದರೆ ಹಾಡೂ ಬಾಡಿಗೆಗೆ. ನನಗೆ ರೇಗಿತು. ಮನೆ ಬಾಡಿಗೆ ಸಾಲದು ಅಂತ ಹಾಡನ್ನೂ ಬಾಡಿಗೆಗೆ ಇಟ್ಟಿದ್ದಾರೆ, ನಾಳೆ ಜೋಗುಳ ಹಾಡಬೇಕಾದರೂ ಯಾರಿಗೋ ದುಡ್ಡು ಕಟ್ಟಿ ಹಾಡಬೇಕಾಗುತ್ತದೆ, ನೀವೆಲ್ಲಾ ಕುರಿಗಳ ಹಾಗೆ ಕಟ್ಟುತ್ತಾ ಕೂತಿರಿ ಎಂದು ಅಲ್ಲೇ ಶುರು ಮಾಡಿದೆ. ಪಕ್ಕದ ಅಂಗಡಿಯವರೂ ಬಂದು ನಿಂತರು. ಕೊನೆಗೆ ಕೇಳಿದೆ: “ಎಲ್ಲಾ ಹಾಡೂ ಬರತ್ತೆ ಅಂದ್ಯಲ್ಲಾ, ಅದ್ರಲ್ಲಿ ನನ್ನ ಹೆಂಡ್ತಿ ಹಾಡಿರೋದು ಬರತ್ತಾ?”

ಅವನು ಬೇಜಾರೇ ಮಾಡಿಕೊಳ್ಳಲಿಲ್ಲ. “ಹೆಸರು ಹೇಳಿ ಸಾರ್,” ಎಂದ. ಹೇಳಿದೆ. ಟೈಪ್ ಮಾಡಿ ಹುಡುಕಿದ.

“ಈ ಹೆಸರಲ್ಲಿ ಮಗು ಮಲಗ್ಸೋ ಮ್ಯೂಸಿಕ್ ಇದೆ ಸಾರ್, ರಾತ್ರಿಯೆಲ್ಲಾ ಬರತ್ತೆ. ನಡಿಯತ್ತಾ?”

ಸೋಸಿದ ಹಾಡು

ಕ್ಯಾಸೆಟ್ಟುಗಳನ್ನು ಡಬ್ಬಿಗೆ ಇಳಿಸುವುದನ್ನು ವಿಡಿಯೋ ನೋಡಿ ಕಲಿತೆ. ಗುರುಗಳಿಲ್ಲದೆ ಕಲಿತವನಿಗೆ ಒಂದು ಕೊಬ್ಬು ಇರುತ್ತದೆ. ಇಳಿಸಿದ್ದು ಸಾಲದು, ಶುದ್ಧ ಮಾಡಬೇಕು ಎನಿಸಿತು. ಹಾಡಿನ ಹಿಂದೆ ಕುಕ್ಕರ್ ಕೂಗುತ್ತಿತ್ತು, ಸೊಪ್ಪಿನವಳು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದಳು, ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಸದ್ದು ತೆಗೆಯುವ ಸಾಫ್ಟ್‌ವೇರ್ ಹುಡುಕಿ ಎಲ್ಲವನ್ನೂ ಸೋಸಿ ತೆಗೆದೆ. ವಾರಗಟ್ಟಲೆ ಅದೇ ಕೆಲಸ.

ಒಂದು ಬೆಳಿಗ್ಗೆ ಅವಳನ್ನು ನಡುಮನೆಯಲ್ಲಿ ಕೂರಿಸಿ ಹಾಕಿದೆ. ಅವಳದೇ ದನಿ. ನಾಲ್ಕು ಸಾಲು ಕೇಳಿದಳೋ ಇಲ್ಲವೋ, ಎದ್ದು ತಾರಸಿಗೆ ಹೋದಳು. ಇನ್ನೂ ಒಣಗದ ಬಟ್ಟೆಗಳನ್ನೆಲ್ಲಾ ತೆಗೆದುಕೊಂಡು ಬಂದಳು.

“ಏನಾಯ್ತೇ, ಚೆನ್ನಾಗಿಲ್ವಾ?”

ಒದ್ದೆ ಬಟ್ಟೆಯನ್ನು ತೋಳಿನ ಮೇಲಿಟ್ಟುಕೊಂಡೇ ಟೈಪ್ ಮಾಡಿದಳು: “ಆಸ್ಪತ್ರೆಯಲ್ಲಿ ಹಾಡಿದ ಹಾಗಿದೆ.”

“ಬೇಡದ್ದೆಲ್ಲಾ ತೆಗೆದಿದೀನಿ ಕಣೇ. ಈಗ ಕ್ಲೀನಾಗಿದೆ.”

ಮತ್ತೆ ಟೈಪ್ ಮಾಡಿ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

“ಡಾಕ್ಟ್ರೂ ಹಾಗೇ ಹೇಳಿದ್ರು.”

ಗಡ್ಡ

ಈ ಡಬ್ಬಿಗೆ ಅತಿಬುದ್ಧಿ. ಯಾವ ಹಾಡು ಹಾಕಿದರೂ ಹಾಡಿದವರು ಇಂಥವರೇ ಇರಬೇಕು ಎಂದು ತಾನೇ ಊಹಿಸಿ, ಇಂಟರ್ನೆಟ್ಟಿನಿಂದ ಫೋಟೋ ತಂದು ಅಂಟಿಸಿಕೊಳ್ಳುತ್ತದೆ. ನನ್ನ ಹೆಂಡತಿಯ ಅಷ್ಟೂ ಹಾಡುಗಳಿಗೆ ಎದೆವರೆಗೆ ಗಡ್ಡ ಬಿಟ್ಟ ಒಬ್ಬ ವಿದೇಶದವನ ಫೋಟೋ ಅಂಟಿಸಿತ್ತು. ತೋಳ ತುಂಬಾ ಹಚ್ಚೆ ಬೇರೆ. ನಾನು ತೆಗೆದಷ್ಟು ಸಲ ಮತ್ತೆ ತಂದು ಹಾಕುತ್ತಿತ್ತು, ಬೀದಿ ಕಂಬಕ್ಕೆ ಪೋಸ್ಟರ್ ಹಚ್ಚುವ ರಾಜಕಾರಣಿಗಳ ಹಾಗೆ.

ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.

“ಆಪರೇಷನ್ ಆದ್ಮೇಲೆ ಹೀಗಾಗಿದೀನಾ?” ಎಂದು ಬರೆದಳು.

ಪವಾಡ

ಅವಳು ಕೇಳದಿದ್ದರೇನು, ನನಗೆ ಕೇಳಬೇಕಿತ್ತು. ಅವಳು ಮಗಳ ಮನೆಗೆ ಮಲ್ಲೇಶ್ವರಕ್ಕೆ ಹೋದ ಒಂದು ಮಧ್ಯಾಹ್ನ, ಸೋಸದೇ ಇದ್ದ ಹಳೇ ಹಾಡುಗಳನ್ನೇ ಹಾಕಿಕೊಂಡು ಕಿಟಕಿ ತೆರೆದು ಕೂತೆ.

ನಮ್ಮ ಕೆಳಮನೆಯವರಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಮದುವೆ ಸುದ್ದಿ ಊರಿಗೆ ಹಂಚುವುದೇ ಕಸುಬು. ಈ ಸುದ್ದಿಯನ್ನೂ ಹಂಚಿದರು. ಅಕ್ಕನಿಗೆ ದನಿ ಬಂದಿದೆ, ಕಿವಿಯಾರೆ ಕೇಳಿದೆ ಎಂದರು. ಮಾರನೇ ಬೆಳಿಗ್ಗೆ ಬೀದಿಯ ಅರ್ಧ ಜನ ಮೆಟ್ಟಿಲ ಮೇಲಿದ್ದರು. ಗಾಂಧಿ ಬಜಾರಿನಿಂದ ಮಲ್ಲಿಗೆ ಹೂವಿನ ಹಾರವನ್ನೇ ತಂದಿದ್ದರು. ಬಾಗಿಲು ತೆಗೆದವಳು ನನ್ನ ಹೆಂಡತಿ.

“ಅಕ್ಕಾ, ಒಂದು ಹಾಡಿ. ಒಂದೇ ಒಂದು,” ಎಂದರು ಕೆಳಮನೆಯವರು ಕೈಮುಗಿದು.

ಅವಳು ಕತ್ತಿನ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡಳು. ಆಮೇಲೆ ಒಳಗೆ ಹೋದಳು. ನನ್ನ ಮೈಯೆಲ್ಲಾ ಉರಿಯಿತು. “ಆಸ್ಪತ್ರೆಯಲ್ಲಿ ತಿಂಗಳಿಡೀ ಬಿದ್ದಿದ್ಲಲ್ಲ, ಆಗ ಒಬ್ರೂ ಬರ್ಲಿಲ್ಲ. ಈಗ ಹಾರ ಹಿಡ್ಕೊಂಡು ಬಂದ್ರಾ? ಹಾಡಿದ್ದು ಅವಳಲ್ಲ, ಕಂಪ್ಯೂಟರು,” ಎಂದು ಕೂಗಿದೆ.

ಎಲ್ಲರೂ ತಲೆ ತಗ್ಗಿಸಿ ಇಳಿಯತೊಡಗಿದರು. ಕೊನೆಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಕಂಬಿ ಹಿಡಿದು ನಿಂತಿತು. “ಹೂಂ ಕಣಪ್ಪಾ, ಈಗೆಲ್ಲಾ ಆಪರೇಷನ್ನು ಕಂಪ್ಯೂಟರಲ್ಲೇ ಮಾಡ್ತಾರಂತೆ. ನನ್ನ ಮಂಡಿಗೂ ಆಗತ್ತಾ, ಕೇಳಿ ನೋಡು.”

ಆ ದಿನ ಅವಳು ಬರೆದದ್ದು ಒಂದೇ ಸಾಲು: “ಆ ಹಾಡುಗಳನ್ನ ಇನ್ಮೇಲೆ ಹಾಕ್ಬೇಡಿ.” ಹಾಕಲಿಲ್ಲ. ಡಬ್ಬಿಗೆ ನಾದಸ್ವರ ತುಂಬಿಕೊಂಡೆ.

ನನ್ನ ಮೇಲೆ ದೂರು

ಲೌಡ್‌ಸ್ಪೀಕರುಗಳ ಮೇಲೆ ನಾನು ಕೊಟ್ಟಷ್ಟು ದೂರನ್ನು ನಮ್ಮ ಕಡೆ ಯಾರೂ ಕೊಟ್ಟಿಲ್ಲ. ಯಾವ ಪಕ್ಷ, ಯಾವ ದೇವರು ಎಂದು ನೋಡಿದವನಲ್ಲ. ಕಿವಿ ಎಲ್ಲರಿಗೂ ಒಂದೇ. ಒಂದು ದಿನ ಇಬ್ಬರೂ ಆಸ್ಪತ್ರೆಗೆ ಚೆಕಪ್ಪಿಗೆ ಹೋಗಿ ಬರುವಾಗ ಗೇಟಿನಲ್ಲಿ ಪರಿಚಯದ ಕಾನ್‌ಸ್ಟೇಬಲ್ ನಿಂತಿದ್ದರು.

“ಸಾರ್, ಸೌಂಡ್ ಕಂಪ್ಲೇಂಟ್ ಬಂದಿದೆ.”

“ಯಾವ ಛತ್ರ ಹೇಳಿ. ನಾನೂ ಸಹಿ ಹಾಕ್ತೀನಿ. ಇವರಿಗೆಲ್ಲಾ ಬುದ್ಧಿ ಕಲಿಸ್ಬೇಕು.”

“ಛತ್ರ ಅಲ್ಲ ಸಾರ್,” ಎಂದು ಮೇಲಕ್ಕೆ ನೋಡಿದರು. ಬೀಗ ಹಾಕಿದ ನಮ್ಮ ಮನೆಯೊಳಗೆ ನಾದಸ್ವರ ಕಿತ್ತುಕೊಂಡು ಹೋಗುತ್ತಿತ್ತು. ಕರೆಂಟು ಹೋಗಿ ಬಂದಾಗ ಡಬ್ಬಿ ತಾನೇ ಎದ್ದು, ವಾಲ್ಯೂಮನ್ನು ತುದಿಗೇರಿಸಿಕೊಂಡು ಶುರು ಮಾಡಿಬಿಟ್ಟಿತ್ತು. ಬೆಳಿಗ್ಗೆಯಿಂದ ಬೀದಿಗೆಲ್ಲಾ ಮುಹೂರ್ತ.

ಆರಿಸಿ ಬಂದೆ. ಕಾನ್‌ಸ್ಟೇಬಲ್ ಬಿಳಿ ಹಾಳೆ ಮುಂದಿಟ್ಟರು. “ದೂರು ಫೋನಲ್ಲಿ ಬಂತು, ಬರವಣಿಗೇಲಿ ಬೇಕು ಸಾರ್. ನಿಮ್ಮ ಹಾಗೆ ಬರೆಯೋರು ಸ್ಟೇಷನ್ನಲ್ಲಿ ಯಾರೂ ಇಲ್ಲ. ನೀವೇ ಬರೆದುಕೊಡಿ.”

ಬರೆದೆ. ಅಕ್ಷರ ಕೈಗೆ ಬಂದ ಮೇಲೆ ಬಿಸಿ ತಾನೇ ಏರುತ್ತದೆ. ‘ಸದರಿ ವ್ಯಕ್ತಿಯು ಸಾರ್ವಜನಿಕರ ನೆಮ್ಮದಿಯನ್ನು ಲೆಕ್ಕಿಸದೆ’ ಎಂದು ನನ್ನನ್ನೇ ಚೆನ್ನಾಗಿ ಜಾಡಿಸಿದೆ. ಸಾಕ್ಷಿ ಸಹಿ ಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ನನ್ನ ಹೆಂಡತಿ ಸಹಿ ಹಾಕಿದಳು. ಆಪರೇಷನ್ ಆದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಚರಂಡಿ ಮೀಟಿಂಗು

ನಮ್ಮ ಬೀದಿಯ ಚರಂಡಿ ಅಗೆದು ಹಾಗೇ ಬಿಟ್ಟು ಹೋಗಿದ್ದರು. ಹತ್ತು ಹದಿನೈದು ಜನರನ್ನು ನಡುಮನೆಯಲ್ಲಿ ಸೇರಿಸಿದ್ದೆ. ಕೆಳಮನೆಯವರು ಮುಂದಿನ ಸಾಲಿನಲ್ಲಿದ್ದರು. ನಾನು ಕಂಟ್ರಾಕ್ಟರಿನಿಂದ ಶುರು ಮಾಡಿ ಎಂಜಿನಿಯರನ್ನು ಮುಗಿಸಿ ಮಂತ್ರಿಗಳ ಹತ್ತಿರ ಬಂದಿದ್ದೆ. ಟಿವಿ ಪಕ್ಕದಿಂದ ಯಾರೋ ಹೇಳಿದರು:

“ಸಾಕು ಬಿಡ್ರೀ.”

ಅವಳ ದನಿ. ಹಾಡಿನದಲ್ಲ, ಮಾತಿನದು. ಎರಡು ವರ್ಷದಿಂದ ನಾನು ಕೇಳದ ದನಿ. ಎಲ್ಲರೂ ಟಿವಿ ಕಡೆ ತಿರುಗಿದರು. ನನ್ನ ಬಾಯಿ ಮಾತ್ರ ಹಳೇ ಚಾಳಿಯಂತೆ ತಾನೇ ಉತ್ತರ ಕೊಟ್ಟಿತು: “ಒಂದ್ನಿಮಿಷ ಇರೇ.”

“ನಿಮ್ಮ ಒಂದ್ನಿಮಿಷ ಗೊತ್ತಿಲ್ವಾ ನಂಗೆ? ಅಷ್ಟರಲ್ಲಿ ಬೇಳೆ ಬೇಯತ್ತೆ,” ಎಂದಿತು ಸ್ಪೀಕರು.

ತಿರುಗಿ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಫೋನು. ಮುಖದಲ್ಲಿ ಏನೂ ಇಲ್ಲ.

“ನಾನೇನು ನನಗೋಸ್ಕರ ಮಾತಾಡ್ತಿದೀನಾ?” ಎಂದೆ.

ಅವಳ ಹೆಬ್ಬೆರಳು ಅಲ್ಲಾಡಿತು. “ಊರಿಗೆಲ್ಲಾ ನ್ಯಾಯ ಹೇಳ್ತಾರೆ. ಬಚ್ಚಲುಮನೆ ನಲ್ಲಿ ಸೋರ್ತಿದೆ, ಕೇಳೋರಿಲ್ಲ.”

ಆಮೇಲೆ ಗೊತ್ತಾಯಿತು. ಹಾಡುಗಳನ್ನು ಬಿಡಿಸಿಡುವಾಗ ನಡುನಡುವಿನ ಮಾತುಗಳನ್ನು ನಾನು ಪೂರ್ತಿ ಕೇಳದೆ ಕತ್ತರಿಸಿ ‘ಕಸ’ ಎಂಬ ಫೋಲ್ಡರಿಗೆ ಎಸೆದಿದ್ದೆ. ರೆಕಾರ್ಡು ನಿಲ್ಲಿಸುವುದನ್ನು ಮರೆತು ನಾನು ಯಾರ ಹತ್ತಿರವೋ ವಾದ ಮಾಡುತ್ತಿದ್ದಾಗ ಅವಳು ಬೈದದ್ದೆಲ್ಲಾ ಅಲ್ಲಿತ್ತು. ನಾನಿಲ್ಲದ ಹೊತ್ತಿನಲ್ಲಿ ಕೂತು ಒಂದೊಂದಾಗಿ ಕೇಳಿ, ಸಾಲಾಗಿ ಜೋಡಿಸಿಕೊಂಡಿದ್ದಳು. ಹಾಡು ಬೇಕಿರಲಿಲ್ಲ ಅವಳಿಗೆ. ತಿರುಗಿ ಮಾತಾಡುವುದು ಬೇಕಿತ್ತು. ಅವಳ ಮಾತುಗಳು ಮೂವತ್ತು ವರ್ಷ ಹಳೆಯವು. ಆದರೂ ಒಂದೂ ತಪ್ಪದೆ ಕೂತವು, ಯಾಕೆಂದರೆ ನನ್ನವೂ ಅಷ್ಟೇ ಹಳೆಯವು.

“ನಲ್ಲಿ ಇನ್ನೂ ಸರಿ ಮಾಡ್ಸಿಲ್ವಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಇನ್ನೂ ಮಾಡಿಸಿಲ್ಲ. ಇಡೀ ನಡುಮನೆ ನಕ್ಕಿತು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು.

“ಎಲ್ರೂ ಕೂತಿರಿ, ಕಾಫಿ ತರ್ತೀನಿ,” ಎಂದಿತು ಸ್ಪೀಕರು.

ಕೆಳಮನೆಯವರು ಟಿವಿ ಕಡೆಗೆ ತಿರುಗಿ, ಕೈಯೆತ್ತಿ, “ನಂಗೆ ಸಕ್ಕರೆ ಬೇಡ ಅಕ್ಕ,” ಎಂದರು.

ಕಾಫಿ ಬಂತು, ಅವರದಕ್ಕೆ ಸಕ್ಕರೆ ಹಾಕಿರಲಿಲ್ಲ. ಕುಡಿದು ಎಲ್ಲರೂ ಅರ್ಜಿಗೆ ಸಹಿ ಹಾಕಿದರು. ನಾನು ಹೇಳಬೇಕಾದ್ದು ಮುಗಿದಿತ್ತು. ಜನ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಅವಳು ಫೋನನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಆ ಫೋಲ್ಡರಿನಲ್ಲಿ ಇನ್ನೂ ಏನೇನು ಇದೆಯೋ ನನಗೆ ಗೊತ್ತಿರಲಿಲ್ಲ.

“ಕೂತ್ಕೊಳ್ರೀ ಎಲ್ಲಾ, ಮುಖ್ಯವಾದ್ದು ಬಿಟ್ಟೋಯ್ತು,” ಎಂದು ಕೂಗಿ, ಗಂಟಲು ಸರಿಮಾಡಿಕೊಂಡು, ಕಂಟ್ರಾಕ್ಟರಿನಿಂದ ಮತ್ತೆ ಶುರು ಮಾಡಿದೆ.